ನೋಡತಕ್ಕ ಸ್ಥಳಗಳು

ಮುಳಬಾಗಿಲು ಬಸ್‌ಸ್ಟ್ಯಾಂಡಿನೆದುರು
ಆಂಜಿನಪ್ಪನ ಟ್ರಾವೆಲ್ಸ್ ಗೋಡೆಯ ಮೇಲೆ
ಮಂಗಳೂರು ಬರೆದವನು ನಾನೇ.
ಮೂರು ದಿನದ ಕೆಲಸ, ಮಧ್ಯಾಹ್ನದ ಊಟ ಅವರದ್ದು.

ಎಡಕ್ಕೆ ಹಳದಿ ಅಕ್ಷರ:
ಕದ್ರಿ, ಮಂಗಳಾದೇವಿ, ಸುಲ್ತಾನ್ ಬತ್ತೇರಿ,
ತಣ್ಣೀರುಬಾವಿ, ಪಣಂಬೂರು ಬೀಚು.
'ಐಸ್‌ಕ್ರೀಮ್ ಅಂತಲೂ ಹಾಕಯ್ಯ,
ಅರ್ಧ ಜನ ಅದಕ್ಕೇ ಬರೋದು.'
ಹಾಕಿದೆ.

ಬಲಕ್ಕೆ ಪೂರ್ತಿ ಸಮುದ್ರ.
ನಾನು ಕಂಡಿಲ್ಲ.
ಕಂಡದ್ದು ಕ್ಯಾಲೆಂಡರಿನ ಆಗಸ್ಟ್ ತಿಂಗಳು,
ಅದರಲ್ಲೂ ಕೆಳಗರ್ಧ ಹಾಲಿನ ಲೆಕ್ಕ.
ಶಾಲೆಯ ಕಿಟಕಿಗೆ ಬಳಿದುಳಿದ ನೀಲಿಗೆ
ಟರ್ಪೆಂಟೈನ್ ಬೆರೆಸಿ ಅಲೆ ಎಳೆದೆ.
ಒಂದೊಂದೂ
ರಾಗಿ ತೆನೆಯ ಮೇಲೆ ಗಾಳಿ ಹಾದ ಹಾಗೆ ಬಂತು.
ಕೈಗೆ ಗೊತ್ತಿರುವ ಅಲೆ ಅದೊಂದೇ.

ಎರಡನೇ ದಿನ ನೀರುಗಂಟಿ ದೊಡ್ಡಮುನಿಯಪ್ಪ
ಮೊಣಕಾಲಿನ ಮುಲಾಮು ಕೊಳ್ಳಲು ಬಂದವನು
ಬಿಸಿಲಲ್ಲೇ ನಿಂತ.
'ಯಾವೂರ ಕೆರೆ?'
ಕೆರೆಯಲ್ಲ ತಾತ, ಸಮುದ್ರ.
'ನಮ್ಮದೂ ಸಮುದ್ರವೇ. ಚೆನ್ನರಾಯಸಮುದ್ರ.
ಎರಡು ತೂಬು, ಒಂದು ಕೋಡಿ.
ಇದಕ್ಕೆ ಕೋಡಿ ಯಾವ ಕಡೆ?'

ನಕ್ಕೆ. ಅವನು ನಗಲಿಲ್ಲ.
'ಬಂದ ನೀರಿಗೆ ಹೋಗೋ ದಾರಿ ಬಿಡದೆ
ಯಾವ ಪುಣ್ಯಾತ್ಮ ಕಟ್ಟಿಸಿದ?
ಒಂದು ಮಳೆಗೆ ಏರಿ ಒಡೀತದೆ.'
ಡಬ್ಬಿ ಜೇಬಿಗಿಳಿಸಿ ಬಸ್ಸು ಹತ್ತಿದ.

ಆಮೇಲೆ ಕೈ ಓಡಲಿಲ್ಲ.
ಗೋಡೆಯ ತುಂಬ ನೀರು,
ಪಕ್ಕದಲ್ಲೇ ಸೈಕಲ್ ಶಾಪು, ಹೂವಿನ ಮುದುಕಿ,
ಮಲಗಿದ ನಾಯಿ.

ಸಂಜೆ, ಆಂಜಿನಪ್ಪ ಒಳಗೆ ಊದುಬತ್ತಿ ಹಚ್ಚುವಾಗ,
ಕೆಳಗೆ ಬಲಮೂಲೆಗೆ,
ನನ್ನ ಹೆಸರು ಬರೆಯುವ ಜಾಗಕ್ಕೆ,
ಸಾಲಾಗಿ ನಾಲ್ಕು ಕಲ್ಲು ಇಟ್ಟೆ.
ಅವುಗಳ ನಡುವಿಂದ ಬೆರಳಗಲ ಬಿಳಿ ನೀರು
ಗೋಡೆಯಿಳಿದು ಚರಂಡಿಯ ಕಡೆಗೆ.

ಹೋದ ವಾರ ಮಂಗಳೂರಿನವರೇ ಇಬ್ಬರು
ಆವನಿ ಬೆಟ್ಟದ ದಾರಿ ಕೇಳುತ್ತ ಬಂದರು.
ಗೋಡೆ ನೋಡಿ ತಮ್ಮೂರಿಗೇ ಫೋಟೋ ಕಳಿಸಿದರು.
'ಎಲ್ಲ ಸರಿ ಉಂಟು ಮಾರಾಯ್ರೆ, ಇದೊಂದು ಎಂತ?'
ಕೋಡಿ, ಅಂದೆ, ನಾಚಿಕೊಂಡು.
'ಓ, ಕೋಡಿಯಾ! ನಮ್ಮಲ್ಲೂ ಉಂಟು,
ಹೊಳೆ ಹೋಗಿ ಕಡಲಿಗೆ ಸೇರುವಲ್ಲಿ,
ಮರಳಿನದ್ದು.'

ಬ್ರಷ್ಷು ಒರೆಸುತ್ತ ದಾರಿ ಹೇಳಿದೆ:
ನೇರ ಹೋಗಿ, ಎಡಕ್ಕೆ ಒಂದು ಸಮುದ್ರ ಸಿಗುತ್ತದೆ,
ಈಗ ಮೊಣಕಾಲುದ್ದ.
ಏರಿಯ ಮೇಲೆ ಒಬ್ಬ ಮುದುಕ ಕೂತಿರುತ್ತಾನೆ.
ಗಾಡಿ ನಿಲ್ಲಿಸಿ.
ಅವನಿಗೊಂದು ಮಾತು ಹೇಳಿ ಮುಂದೆ ಹೋಗಿ:
ಇದೆಯಂತೆ, ಅದಕ್ಕೂ ಇದೆಯಂತೆ.