ಸಿಹಿನೀರಿನ ಲೆಕ್ಕ

ಮಿಕೊಲಾಯಿವ್ ಊರಿನ ನಲ್ಲಿಗಳಲ್ಲಿ
ಯುದ್ಧದ ಮೊದಲ ವಸಂತದಿಂದ ಉಪ್ಪುನೀರು.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ;
ನೀರೇ ಉಪ್ಪಾದರೆ ಏನು ಕುಡಿಯಬೇಕೆಂದು
ಗಾದೆ ಕಟ್ಟಿದವರು ಹೇಳಿಹೋಗಿಲ್ಲ.

ಹಾಗಾಗಿ ಬೆಳಿಗ್ಗೆ ಕರ್ಫ್ಯೂ ಮುಗಿದದ್ದೇ
ಲುಕೇರಿಯಾ ಬಿಟ್ಟುಹೋದ ಮಗುವಿನ ತಳ್ಳುಗಾಡಿಯಲ್ಲಿ
ಆರು ಲೀಟರಿನ ನಾಲ್ಕು ಬಾಟಲಿ ಕೂರಿಸಿಕೊಂಡು
ಶಾಲೆಯ ಮುಂದಿನ ಟ್ಯಾಂಕಿಗೆ ಹೋಗುತ್ತೇನೆ.
ಸಾಲಿನಲ್ಲಿ ಯಾರೂ ಸುದ್ದಿ ಕೇಳುವುದಿಲ್ಲ.
"ನಿದ್ದೆ ಬಂತಾ?" ಅನ್ನುತ್ತಾರೆ, ಅಷ್ಟೆ.
ಬಂತು ಎಂದವರನ್ನು ಯಾರೂ ನಂಬುವುದಿಲ್ಲ.

ಇಪ್ಪತ್ತನಾಲ್ಕು ಲೀಟರು.
ಹತ್ತು ಅಡುಗೆಗೆ, ಆರು ಕುಡಿಯಲು,
ಎರಡು ಯೂಖಿಮನ ಚಹಾಕ್ಕೆ
(ಅದು ಕುಡಿಯುವ ಲೆಕ್ಕಕ್ಕೆ ಸೇರುವುದಿಲ್ಲವಂತೆ),
ಒಂದು ನನ್ನ ತಲೆಗೂದಲಿಗೆ.
ಉಳಿದ ಐದು ಟೊಮೆಟೊಗೆ.
ಇಲ್ಲಿಗೆ ಬಂದಾಗಲೆಲ್ಲ ನಮ್ಮಿಬ್ಬರಿಗೂ ಜಗಳ.

ಮೂವತ್ತೊಂದು ವರ್ಷ ಹಡಗುಕಟ್ಟೆಯ ಕ್ರೇನಿನ
ತುದಿಯಲ್ಲಿ ಕೂತವಳು ನಾನು.
ಕೆಳಗೆ ಊರೆಂದರೆ ಅಂಗೈಯಗಲ,
ನದಿಯೆಂದರೆ ಯಾರೋ ಒಣಹಾಕಿ ಮರೆತ ಲಂಗ.
ಮಣ್ಣು ಮುಟ್ಟಿದವಳೇ ಅಲ್ಲ.
ಈಗ ನೆಲಮಹಡಿಯ ಮನೆ, ಕಿಟಕಿಯ ಕೆಳಗೆ
ಮಂಚದಷ್ಟು ನೆಲ, ಸುತ್ತ ಹಳೇ ಟೈರಿನ ಬೇಲಿ.
ಮೇಲೆ ನೋಡುವುದನ್ನು ಬಿಟ್ಟಿದ್ದೇನೆ.
ಅಲ್ಲಿಂದ ಬೀಳುವುದೆಲ್ಲ ಈಗ ಮಳೆಯಲ್ಲ.

ಸೈರನ್ ಕೂಗಿದರೆ ಎರಡು ಗೋಡೆಯ ನಿಯಮ:
ನಿನಗೂ ಬೀದಿಗೂ ನಡುವೆ ಎರಡು ಗೋಡೆ ಇರಲಿ.
ಮೊದಲನೆಯದು ಪೆಟ್ಟು ತಿನ್ನುತ್ತದೆ,
ಎರಡನೆಯದು ಚೂರು ತಡೆಯುತ್ತದೆ.
ನಮಗಿರುವುದು ಕೋಣೆಗಳ ನಡುವಿನ ಒಂದು ಓಣಿ.
ಅದರಲ್ಲಿ ಹಾಸಿಗೆ, ಸೌತೆಯ ಉಪ್ಪಿನಕಾಯಿ ಜಾಡಿ,
ನಿಂತುಹೋದ ಗಡಿಯಾರ,
ಮೊಸರಿನ ಲೋಟಗಳಲ್ಲಿ ನಲವತ್ತೊಂದು ಸಸಿ.

"ಜನ ದೇವರ ಪಟ ಹಿಡಿದು ಓಡುತ್ತಾರೆ,
ಇವಳು ಟೊಮೆಟೊ" ಎಂದು ಯೂಖಿಮ
ಮಂಡಿ ಮಡಚಿ ಮಲಗಿ ಬೈಯುತ್ತಾನೆ.
ಬೈಗುಳ ಸಣ್ಣಗಾಗುತ್ತ ಗೊರಕೆಯಾಗುತ್ತದೆ.
ನಾನು ಕತ್ತಲಲ್ಲಿ ಎಲೆ ಸವರುತ್ತೇನೆ.
ಆ ವಾಸನೆ ಬೆರಳಿಗೆ ಅಂಟುತ್ತದೆ,
ಹಸಿರು, ಒಂಚೂರು ಕಹಿ, ತೊಳೆದರೂ ಹೋಗದು.
ಹೊಲಿಗೆಯಂತ್ರದ ಸದ್ದು ಮಾಡುತ್ತ
ಅದೇನೋ ಊರ ಮೇಲೆ ಹಾಯುತ್ತದೆ.
ನಮ್ಮನ್ನು ದಾಟಿತೆಂದರೆ ಉಸಿರು ಬಿಡುತ್ತೇನೆ,
ಆಮೇಲೆ ನಾಚಿಕೆ:
ದಾಟಿದ್ದು ಇನ್ನೊಬ್ಬರ ಕಡೆಗೆ ತಾನೆ.

ಮೇ ತಿಂಗಳ ಒಂದು ರಾತ್ರಿ ನನಗೆ ಜ್ವರ.
ಸೈರನ್ ಕೇಳಿಸಲೇ ಇಲ್ಲ.
ಕಣ್ಣು ಬಿಟ್ಟರೆ ಓಣಿಯಲ್ಲಿದ್ದೇನೆ, ಕಂಬಳಿ ಸಮೇತ,
ಯೂಖಿಮ ಬರಿಗಾಲಲ್ಲಿ
ಕಿಟಕಿಗೂ ಓಣಿಗೂ ಓಡಾಡುತ್ತಿದ್ದಾನೆ,
ಕೈಗೆ ಮೂರು ಮೂರು ಲೋಟ,
ಬಾಯಲ್ಲಿ ಪಿಸುಮಾತಿನ ಎಣಿಕೆ.
ಆಗ ಕಿಟಕಿಯೇ ಒಳಗೆ ಬಂತು.
ಗಾಜು, ಪರದೆ, ನಾವು ಅಂಟಿಸಿದ ಟೇಪು,
ಬೀದಿಯ ಧೂಳು, ಎಲ್ಲ ಒಟ್ಟಿಗೆ.

ಆಮೇಲಿನ ಮೌನದಲ್ಲಿ ಅವನ ದನಿ:
"ಮೂವತ್ತೊಂಬತ್ತು. ಎರಡು ಕಮ್ಮಿ."
ಹಿಮ್ಮಡಿಯಿಂದ ರಕ್ತ ಇಳಿಯುತ್ತಿತ್ತು, ಅವನಿಗೆ ಗೊತ್ತಿಲ್ಲ.
ನನಗೆ ನಗು ಬಂತು, ನಿಲ್ಲಿಸಲಾಗಲಿಲ್ಲ.
ಜ್ವರ ಏರಿದೆ ಅಂದುಕೊಂಡ.

ಇದಕ್ಕೆ ಶಾಂತಿ ಎಂಬ ಹೆಸರು ದೊಡ್ಡದಾಯಿತು.
ಆ ಪದ ಮೇಜಿನ ಸುತ್ತ ಕೂತವರಿಗಿರಲಿ.
ನೆಮ್ಮದಿ ಅನ್ನೋಣ; ಚಿಕ್ಕ ಜಾಗದಲ್ಲೂ ಹಿಡಿಸುತ್ತದೆ,
ಮೊಸರಿನ ಲೋಟದಲ್ಲಿ, ಟೈರಿನ ಬೇಲಿಯೊಳಗೆ,
ಮಂಡಿ ಮಡಚಿದ ಗಂಡಸಿನ ಬೆನ್ನಿನ ಹತ್ತಿರ.

ಜುಲೈ. ಕಿಟಕಿಗೆ ಪ್ಲೈವುಡ್ಡು, ಹಗಲಲ್ಲೂ ದೀಪ.
ಮೊದಲ ಹಣ್ಣು ಕೊಯ್ದು ತಂದೆ,
ಬಿಸಿಲಿಗೆ ಇನ್ನೂ ಬೆಚ್ಚಗಿತ್ತು.
ಎರಡು ಹೋಳು ಮಾಡಿ ಕೇಳಿದೆ,
"ಉಪ್ಪು ಹಾಕಲಾ?"

"ನಲ್ಲಿ ತಿರುಗಿಸಿ ತೊಳೆ," ಅಂದ,
"ಸಾಕು."