ಪಕ್ಕದ ಕವಲು

ಸೀಸದ ಗಾಜಿನ ಈಚೆ ನಾನು, ಆಚೆ ಹಾರ್ಮ್ ವೆಸ್ಸೆಲಿಂಕ್.
ನಡುವೆ ಒಂದು ಮೈಕು.
ವಯಸ್ಸು ಎಪ್ಪತ್ತೊಂದು. ಉದ್ಯೋಗ ಎಂಬ ಕಡೆ
ಯಾರೋ ಬರೆದಿದ್ದಾರೆ: ನದಿ ಅಳೆಯುವವರು, ನಿವೃತ್ತ.

ಎಚ್ಚರವಾಗಿಯೇ ಇದ್ದಾರೆ. ಮಣಿಕಟ್ಟಿನಲ್ಲಿ ತೂರಿದ ತಂತಿ
ಮೊಣಕೈ ದಾಟಿ, ಹೆಗಲು ಬಳಸಿ
ಗುಂಡಿಗೆಯ ಬಾಗಿಲಿಗೆ ಬಂದು ನಿಂತಿದೆ.
"ಹೊಳೆ ಒಡೆಯೋ ಜಾಗ ಹುಡುಕ್ತಿದ್ದೀರಾ?"
"ಹೌದು. ಸರಿಯಾಗಿ ಅಲ್ಲೇ ನಿಮ್ಮ ತೊಂದರೆ."
"ಯಾವಾಗಲೂ ಅಲ್ಲೇ," ಅಂದರು,
ಬೇರೆ ಯಾರದೋ ಎದೆಯ ಸುದ್ದಿ ಎಂಬಂತೆ.

ಬಣ್ಣ ಹರಿಯಿತು. ಪರದೆಯ ಮೇಲೆ ಬೋಳು ಮರವೊಂದು
ಒಂದು ಬಡಿತಕ್ಕೆ ಮೂಡಿ
ಮೂರು ಬಡಿತಕ್ಕೆ ಅಳಿಸಿಹೋಯಿತು.
ನಿಲ್ಲಿಸಿ, ಹಿಂದಕ್ಕೆ ತಂದು, ಗೆರೆ ಎಳೆದೆ.
ಕವಲಿಗೆ ಮುಂಚೆ ಎಪ್ಪತ್ತು ಪಾಲು ಮುಚ್ಚಿದೆ,
ಕವಲು ದಾಟಿದ ಮೇಲೆ ದೊಡ್ಡ ದಾರಿಯಲ್ಲೂ ಅಷ್ಟೇ.
ಪಕ್ಕದ ಕವಲು ಮಾತ್ರ ಚೊಕ್ಕ.
ನಮ್ಮ ಲೆಕ್ಕದಲ್ಲಿ ಇದಕ್ಕೆ ಮೂರೇ ಅಂಕಿ:
ಒಂದು, ಒಂದು, ಸೊನ್ನೆ.
ಇಷ್ಟು ವರ್ಷದ ಬೆಣ್ಣೆ, ಹೊಗೆ, ತಾಯಿ ಕಡೆಯ ರಕ್ತ,
ದೋಣಿಯಲ್ಲಿ ಕಳೆದ ಚಳಿಗಾಲಗಳು
ಎಲ್ಲ ಅದರೊಳಗೆ ಹಿಡಿದವು.

ಆಮೇಲೆ ಬೆಳಕನ್ನೇ ಒಳಗೆ ಕಳಿಸಿದೆವು.
ಗರಗರ ತಿರುಗುತ್ತ ಹಿಂದೆ ಸರಿಯುವ ಪುಟ್ಟ ಲಾಂದ್ರ.
ಚಹಾ ಕೆಟಲಿನ ತಳಕ್ಕೆ ಹತ್ತಿದಂಥ ಸುಣ್ಣ ಕಂಡಿತು,
ಎರಡು ಬಾಯಿಗಳ ನಡುವೆ
ಕತ್ತಿಯಂಚಿನಷ್ಟು ತೆಳು ದಿಣ್ಣೆ.

ಡಾಕ್ಟರ್ ತೇರ್‌ಹಾರ್ ಬಲೂನು ಉಬ್ಬಿಸಿದರು.
ಇಪ್ಪತ್ತು ಸೆಕೆಂಡು.
ಉಸಿರು ಬಿಗಿಹಿಡಿದ ಮುದುಕರ ಹೆಬ್ಬೆರಳು
ಹಾಸಿಗೆಯ ಅಂಚನ್ನು ಒತ್ತುತ್ತಲೇ ಇತ್ತು.

ಮತ್ತೆ ಬಣ್ಣ. ದೊಡ್ಡ ದಾರಿ ಈಗ ಹಸನು,
ಲೋಹದ ಜಾಲರಿ ಗೋಡೆಗೆ ಕಚ್ಚಿಕೊಂಡಿದೆ.
ಆದರೆ ದಿಣ್ಣೆ ಸರಿದಿದೆ.
ತುಂಬಿದ ಬಸ್ಸಿನಲ್ಲಿ ಒಬ್ಬರಿಗೆ ದಾರಿ ಬಿಟ್ಟರೆ
ಇನ್ನೊಬ್ಬರ ಪಕ್ಕೆಗೆ ಮೊಣಕೈ.
ಏನೂ ಮಾಡದ ಆ ಪಕ್ಕದ ಕವಲು
ಬಾಯಿ ಮುದುಡಿಕೊಂಡಿದೆ. ಗೆರೆ ಎಳೆದೆ: ಎಂಬತ್ತು ಪಾಲು.

"ಇನ್ನೊಂದು ಬಲೂನು?" ಕಲಿಯಲು ಬಂದ ವೈಬ್ರೆನ್‌ನ ಕೈ
ಆಗಲೇ ಪೊಟ್ಟಣದ ಮೇಲೆ.
"ಏನಾಯ್ತು, ಎಲ್ಲ ಸುಮ್ಮನಾದಿರಿ?" ಮೈಕಿನಲ್ಲಿ ಅವರ ದನಿ.
ಹೇಳಬಾರದಿತ್ತೇನೋ, ಹೇಳಿಬಿಟ್ಟೆ.

ಸ್ವಲ್ಪ ಹೊತ್ತು ಚಾವಣಿ ನೋಡಿದರು.
"ಪನ್ನರ್ಡೆನ್ ಹತ್ತಿರ ರೈನ್ ಒಡೆಯುತ್ತೆ ಗೊತ್ತಲ್ಲ,
ಎರಡು ಪಾಲು ವಾಲ್ ಕಡೆಗೆ, ಒಂದು ಪಾಲು ಕಾಲುವೆಗೆ.
ಒಂದು ವರ್ಷ ನೀರಿಳಿದು ಕಾಲುವೆಯ ಬಾಯಲ್ಲಿ ಮರಳು ಎದ್ದಿತು.
ಪತ್ರಿಕೆಯಲ್ಲಿ ಫೋಟೋ. ಕಾಲುವೆ ಸತ್ತಿತು, ಅಗೆಯಿರಿ ಅಂತ ಊರೆಲ್ಲ ಕೂಗು.
ನಾನು ಬೆಳಿಗ್ಗೆ ಏಳಕ್ಕೆ ದೋಣಿಯಿಂದ ಮೀಟರು ಇಳಿಬಿಟ್ಟು
ಅದರ ರೆಕ್ಕೆ ಎಷ್ಟು ಸುತ್ತಿತು ಅಂತ ಎಣಿಸಿದೆ.
ಹೋಗಬೇಕಾದಷ್ಟು ನೀರು ಹೋಗ್ತಾನೇ ಇತ್ತು,
ಅಡಿಯಲ್ಲಿ, ಸದ್ದಿಲ್ಲದೆ.
ಫೋಟೋದಲ್ಲಿ ಅಗಲ ಸಿಗುತ್ತೆ ಹುಡುಗಿ. ಹರಿವು ಸಿಗಲ್ಲ."

ತೇರ್‌ಹಾರ್ ತಿರುಗಿ ನೋಡಲಿಲ್ಲ. ಅವರ ಕೈ ಮೊದಲೇ
ಒತ್ತಡ ಅಳೆಯುವ ತಂತಿಗೆ ಚಾಚಿತ್ತು.
ಜಾಲರಿಯ ಕಣ್ಣೊಂದರಲ್ಲಿ ತೂರಿ
ಅದು ಮುದುಡಿದ ಬಾಯಿ ದಾಟಿತು.
"ಈಗ ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ, ಔಷಧಿಯದ್ದು."
"ಕೂರಲಿ," ಅಂದರು.

ಅಂಕಿ ಇಳಿಯತೊಡಗಿತು. ತೊಂಬತ್ತೈದು.
ತೊಂಬತ್ತೊಂದು. ಎಂಬತ್ತೆಂಟು.
ಎಂಬತ್ತು ನಮ್ಮ ಗಡಿ.
ಎಂಬತ್ತೇಳಕ್ಕೆ ಬಂದು ನಿಂತಿತು. ನಿಂತೇ ಇತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತಿಗೆ
ಒಂದೂಮುಕ್ಕಾಲು ಮೀಟರು ತಂತಿ ಬೇಕಾಯಿತು.

"ಬಿಡಿ," ಅಂದರು ತೇರ್‌ಹಾರ್.
ವೈಬ್ರೆನ್ ಪೊಟ್ಟಣವನ್ನು ಕಪಾಟಿಗೆ ಹಿಂತಿರುಗಿಸಿದ,
ಸ್ವಲ್ಪ ಬೇಸರದಿಂದಲೇ.

ವರದಿಯಲ್ಲಿ ಎರಡು ಚಿತ್ರ ಅಂಟಿಸಿದೆ, ಮೊದಲಿನದು, ನಂತರದ್ದು.
ಬರಿಗಣ್ಣಿಗೆ, ಆ ಮೂಲೆಯಲ್ಲಿ,
ನಂತರದ್ದೇ ಕೆಟ್ಟದಾಗಿದೆ.

ಮಣಿಕಟ್ಟಿಗೆ ಪಟ್ಟಿ ಬಿಗಿಯುವಾಗ ಕೇಳಿದರು:
"ಎಷ್ಟು ಬಂತು?"
"ಸೊನ್ನೆ ಬಿಂದು ಎಂಟು ಏಳು."
"ಮೂರನೇ ಅಂಕಿ?"
"ಯಂತ್ರ ಕೊಡಲ್ಲ."
"ಛೆ," ಅಂದರು ವೆಸ್ಸೆಲಿಂಕ್.