ಫ್ಯಾನ್ ನಿಲ್ಲಿಸಿ, ಗಾಳಿ ಬರಲಿ

ಭಾನುವಾರ ಮೂರು ಗಂಟೆಗೆ ಮಂಡಿ ಮೊಹಲ್ಲಾದಲ್ಲಿ
ಇನಾಯತ್ ಭಾಯಿ ಫ್ಯಾನ್ ನಿಲ್ಲಿಸುತ್ತಾರೆ.
ತಿರುಗಿದರೆ ಹಡಗುಗಳು ಮಗುಚುತ್ತವೆ.
ಆಮೇಲೆ ದಾಳ ಉರುಳಿಸಿ, ಕುತ್ತಿಗೆ ಒರೆಸಿಕೊಂಡು,
"ನೈಋತ್ಯದ ಗಾಳಿ, ಜೋರು" ಎನ್ನುತ್ತಾರೆ.
ಏಪ್ರಿಲ್ ತಿಂಗಳು. ಊರಲ್ಲಿ ಒಂದೆಲೆ ಅಲ್ಲಾಡುತ್ತಿಲ್ಲ.
ನಾವಿಬ್ಬರೂ ಮೇಲ್ಹಾಯಿ ಮಡಚುತ್ತೇವೆ.

ನಾನು ಹಲ್ಲು ಮಾಡುವವನು.
ವಾರವೆಲ್ಲ ಯಾರದೋ ದವಡೆಯ ಅಚ್ಚು, ಯಾರದೋ ಕಚ್ಚು.
ಲ್ಯಾಬಿನ ದೀಪದಡಿ ಬಗ್ಗಿದ ಬೆನ್ನು
ರಾತ್ರಿ ಮನೆಯಲ್ಲೂ ಬಗ್ಗಿಯೇ ಇರುತ್ತದೆ:
ಕಿಟ್ಟಿನ ಡಬ್ಬಿ, ಬೂದು ಪ್ಲಾಸ್ಟಿಕ್ಕಿನ ಚೌಕಟ್ಟು,
ಅದರ ಕಡ್ಡಿಗಳಿಗೆ ಅಂಟಿಕೊಂಡೇ ಬಂದ ಒಡಲು, ಕೂವೆಮರ,
ಗಸಗಸೆಗಿಂತ ಸಣ್ಣ ಎಪ್ಪತ್ತನಾಲ್ಕು ತೋಪು.
ಸಾವಿರಕ್ಕೆ ಒಂದು ಅಳತೆ.
ಇಡೀ ಯುದ್ಧನೌಕೆ ನನ್ನ ನಡುಬೆರಳಿಗಿಂತ ಗಿಡ್ಡ.

(ನಿಜವಾದ ಕಡಲನ್ನು ಎರಡು ಸಲ ನೋಡಿದ್ದೇನೆ.
ಎರಡು ಸಲವೂ ಘಾಟಿಯಲ್ಲಿ ವಾಂತಿ.)

ಡಬ್ಬಿಯಲ್ಲಿ ಬಂದದ್ದನ್ನು ಬಂದ ಹಾಗೇ ಅಂಟಿಸಿದರೆ ಪಾಪ.
ಅಚ್ಚಿನ ಹಗ್ಗದೇಣಿ ನೋಡಿ, ಸಾವಿರದಿಂದ ಗುಣಿಸಿ:
ಒಂದೊಂದು ಹಗ್ಗವೂ ಮದ್ದೂರಿನ ತೆಂಗಿನ ಮರದಷ್ಟು ದಪ್ಪ.
ಯಾವ ನಾವಿಕ ಹತ್ತಿಯಾನು?
ಹತ್ತಿದರೂ ಎಳನೀರಿಗೆ.
ಕತ್ತರಿಸಿ ಎಸೆದೆ.

ಕೆಳಗಿನ ಮನೆಯ ಚಿಕ್ಕತಾಯಮ್ಮ
ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ನೂಲು ಹುರಿ ಮಾಡಿದವರು.
ಒಂದು ಎಳೆ ಕೇಳಿದೆ. "ಸೀರೆಗೋ, ಗಾಯಕ್ಕೋ?"
ಹಡಗಿಗೆ ಅಂದೆ. ಕನ್ನಡಕ ಏರಿಸಿ ನನ್ನನ್ನೇ ನೋಡಿದರು.
ಆಮೇಲೆ ಕಬ್ಬಿಣದ ಪೆಟ್ಟಿಗೆಯಿಂದ ಒಂದು ಲಡಿ,
ಲಡಿಯಿಂದ ಉಗುರಲ್ಲಿ ಒಂದು ದಾರ,
ದಾರ ಬಿಚ್ಚಿ ಎಳೆ, ಎಳೆ ಸೀಳಿ...
ಅಲ್ಲಿಂದ ಮುಂದೆ ನನಗೆ ಕಾಣಲಿಲ್ಲ.
ಅವರ ಬೆರಳಿಗೆ ಕಾಣುತ್ತಿತ್ತು.

ಹಲ್ಲಿನ ಮೇಣ ಸವರಿ, ಜುಂಗು ಕೂರಿಸಿ,
ಉಸಿರು ಕಟ್ಟಿ ಬಿಗಿದೆ: ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು.
ಒಂದು ಸೀನಿಗೆ ಮೂರು ರಾತ್ರಿಯ ಕೆಲಸ ಹೋಯಿತು.
ಮತ್ತೆ ಬಿಗಿದೆ.

ತೋರಿಸಲು ಒಯ್ದೆ.
ಸೆರಗಿನ ಮೇಲಿಟ್ಟು ಮೆಲ್ಲಗೆ ತಿರುಗಿಸಿದರು.
ತೋಪಿನ ವಿಚಾರ ಎತ್ತಲಿಲ್ಲ.
"ಎಷ್ಟ್ ಜನ ಇರ್ತಾರಪ್ಪ ಇದ್ರಲ್ಲಿ?"
"ಆರುನೂರು."
"ಅಡ್ಗೆ ಎಲ್ಲಿ?"

ರಾತ್ರಿ ನಕ್ಷೆ ಹರಡಿ ಹುಡುಕಿದೆ.
ಮುಂಗೂವೆಯ ಹಿಂದೆ ಒಂದು ಹೊಗೆಗೊಳವೆ.
ಕಿಟ್ಟಿನವರು ಬಿಟ್ಟಿದ್ದರು.
ಸೊಟ್ಟಹಲ್ಲು ನೇರ ಮಾಡುವ ತಂತಿ, ಅರ್ಧ ಮಿಲಿಮೀಟರಿನದು,
ತುಂಡರಿಸಿ ತುದಿ ಬಗ್ಗಿಸಿ ನೆಟ್ಟೆ.
ಒಂಚೂರು ಮಸಿ. ಒಲೆ ಹೊತ್ತಿದೆಯೆಂದು ತಿಳಿಯಲಿ.

ಇನಾಯತ್ ಭಾಯಿಯದು
ಬೀಟೆ ಹಲಗೆಯಲ್ಲಿ ಆನೆ, ನವಿಲು ಕೂರಿಸುವ ಕೈ.
ಅವರ ಹಡಗಿನ ಅಟ್ಟ ಹಲಸಿನ ಸೀಳಿನದು,
ಹಲಗೆಹಲಗೆಗೂ ಸಂದು ಬೇರೆ. ನನಗೆ ಹೊಟ್ಟೆಕಿಚ್ಚು.
ಅದು ಅವತ್ತು ನೀಲಿ ಬಟ್ಟೆಯ ಮೇಲೆ
ನನ್ನ ಮೂತಿಯ ಮುಂದೆ ಅಡ್ಡ ಹಾಯಿತು.
ಆರು. ಆರು. ಐದು.
ಮೂತಿಯಿಂದ ಬಾಲದವರೆಗೆ ಸೀಳಿಕೊಂಡು ಹೋಯಿತು ಗುಂಡು.
ಪಟ್ಟಿ ನೋಡಿ ಗುರುತು ಹಾಕಿದೆವು:
ಕೂವೆ, ಚುಕ್ಕಾಣಿ, ಕೆಳ ಅಟ್ಟದ ಹನ್ನೊಂದು ತೋಪು.
ಒಲೆಗೆ ಪಟ್ಟಿಯಲ್ಲಿ ಸಾಲಿಲ್ಲ.

ದಾಳ ನನ್ನ ಕೈಯಲ್ಲಿ ಬೆವರುತ್ತಿತ್ತು.
ಕೊಳವೆ ಮಾತ್ರ ನೆಟ್ಟಗೆ ನಿಂತಿತ್ತು.
ಬಾವುಟ ಇಳಿಸಿದೆ.

"ಅರೆ! ಇನ್ನೂ ಎರಡು ಸುತ್ತು ತಡೀತಿತ್ತಲ್ಲ!"
"ಊಟದ ಹೊತ್ತಾಯ್ತು ಭಾಯಿ."
ಗಡಿಯಾರ ನೋಡಿದರು. ನಾಲ್ಕೂವರೆ.
ಏನೂ ಹೇಳದೆ ಎದ್ದು, ಹಡಗುಗಳನ್ನು ಬಿಸ್ಕತ್ತಿನ ಡಬ್ಬಿಗೆ
ಹತ್ತಿಯಲ್ಲಿ ಮಲಗಿಸಿ, ಫ್ಯಾನ್ ಹಾಕಿದರು.

ಮೆಟ್ಟಿಲ ಬಳಿ ಚಿಕ್ಕತಾಯಮ್ಮ ಅವರೆಕಾಯಿ ಸುಲಿಯುತ್ತಿದ್ದರು.
ಗೆದ್ದೆಯಾ, ಸೋತೆಯಾ, ಕೇಳಲಿಲ್ಲ.
"ಅಲ್ಲ ಕಣಪ್ಪ, ನಿನ್ನೆಯಿಂದ ಯೋಚ್ನೆ ಮಾಡ್ತಾವ್ನಿ.
ಆರ್‌ನೂರ್ ಜನಕ್ಕೆ
ಸೌದೆ ಎಲ್ಲಿಡ್ತಾರೆ?"